ಮದ್ದಿನ ಕೋಣೆ

“ಬಾಗಿಲೇ ತೆಗೆಯದೆ ಕೊಡೋ ಮದ್ದು ಯಾವುದಪ್ಪಾ ಅದು?”

ಠಾಣೆಯ ಬೆಂಚಿನ ಮೇಲೆ ಕುಳಿತಿದ್ದ ದರ್ಜಿ ಹೆಂಗಸು ಯಾರನ್ನೂ ಕೇಳಿದ್ದಲ್ಲ. ಇನ್‌ಸ್ಪೆಕ್ಟರ್ ತಲೆ ಎತ್ತಿದರು.

ಕಾಲು ಮುರಿದ ತಾಯಿಯನ್ನು ಅವಳು ಊರಾಚೆಯ ಆಶ್ರಮಕ್ಕೆ ಸೇರಿಸಿದ್ದಳು. ನೋವಿಗೆ ತಾಯಿ ಕೂಗುತ್ತಾರೆ, ಮದ್ದಿನ ಕೋಣೆಗೆ ಹಾಕಲೇ ಎಂದು ಮೇಲ್ವಿಚಾರಕ ಫೋನಿನಲ್ಲಿ ಕೇಳಿದ್ದ. ಇವಳು ಹೂಂ ಎಂದಿದ್ದಳು. ಆಮೇಲೆ ಹೋದಾಗಲೆಲ್ಲ, ಮದ್ದು ನಡೀತಿದೆ, ಬಾಗಿಲು ತೆಗೆಯುವಂತಿಲ್ಲ ಎಂದು ತಾಯಿಯ ಮುಖ ಕಾಣಲು ಬಿಟ್ಟಿರಲಿಲ್ಲ.

ಬೆಳಿಗ್ಗೆ ಹನ್ನೊಂದಕ್ಕೆ ಜೀಪು ಅಲ್ಲಿಗೆ ತಲುಪಿತು. ಅದು ಹಿಂದೆ ಸೈನಿಕರ ಬ್ಯಾರಕ್ಕು. ಅವರು ಹೋದ ಮೇಲೆ ಧಾನ್ಯದ ಗೋದಾಮಾಗಿ, ಕೊನೆಗೆ ದಿಕ್ಕಿಲ್ಲದವರ ಆಶ್ರಮವಾಗಿತ್ತು. ಸುಣ್ಣ ಹೊಡೆದ ಗೋಡೆ, ಸಾಲು ಮಂಚ, ಒಂದೂ ಕೆಮ್ಮಿಲ್ಲ.

“ಮದ್ದಿನ ಕೋಣೆ ಎಲ್ಲಿ?”

“ಔಷಧಿ ಇಲ್ಲೇ ಕಪಾಟಲ್ಲಿದೆ ಸಾರ್,” ಎಂದ ಮೇಲ್ವಿಚಾರಕ. ಇಸ್ತ್ರಿ ಮಾಡಿದ ಅಂಗಿ, ಅತ್ತರಿನ ಘಾಟು.

ಹೆಡ್ ಕಾನ್‌ಸ್ಟೆಬಲ್ ಹಿತ್ತಲಿನತ್ತ ಕೈ ತೋರಿಸಿದ. “ಸಾರ್, ಮದ್ದಿನ ಕೋಣೆ ಅಂದ್ರೆ ಅದು, ಸೈನಿಕರು ಸಿಡಿಮದ್ದು ಇಡ್ತಿದ್ದ ಮನೆ. ಸಿಡಿದ್ರೂ ಮಿಕ್ಕೋರು ಉಳೀಲಿ ಅಂತ ದೂರ ಕಟ್ಟಿರ್ತಾರೆ.”

“ಬೀಗದ ಕೈ ಕೊಡು.”

“ಅಲ್ಲೇನಿಲ್ಲ ಸಾರ್, ಇಲಿ ಸತ್ತಿದೆ ಅಷ್ಟೆ.”

“ಇಲಿಗೆ ಇಷ್ಟು ದೊಡ್ಡ ಬೀಗವೇನಯ್ಯಾ?” ಎಂದ ಹೆಡ್ ಕಾನ್‌ಸ್ಟೆಬಲ್.

ಮೊಳ ದಪ್ಪದ ಗೋಡೆ, ಕಿಟಕಿಯಿಲ್ಲ. ಬಾಗಿಲು ತೆರೆದದ್ದೇ ಪಂಚನಾಮೆಗೆ ಕರೆತಂದ ಸಾಕ್ಷಿ ಹೊರಗೋಡಿ ವಾಂತಿ ಮಾಡಿಕೊಂಡ. ಉಚ್ಚೆಯಲ್ಲಿ ನೆನೆದ ಹಾಸಿಗೆ. ಬೂಷ್ಟು ಹಿಡಿದ ಅನ್ನ. ಮುದುಕಿ ಬೆಳಕಿಗೆ ಕಣ್ಣು ಮುಚ್ಚಿಕೊಂಡಳು; ಜೀವವಿತ್ತು.

“ದುರ್ವಾಸನೆ ಅಂತ ಬರೀಲಾ ಸಾರ್?” ಎಂದ ಪಂಚನಾಮೆ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೆಬಲ್.

“ಕಂಡಿದ್ದೆಲ್ಲ ಬರಿ. ಕಾಲಿನ ಗಾಯದಲ್ಲಿ ಹುಳ ಇತ್ತು ಅಂತಲೂ ಬರಿ.”

ಆಂಬ್ಯುಲೆನ್ಸ್ ಹೋದ ಮೇಲೆ ಎಫ್‌ಐಆರ್ ದಾಖಲಾಯಿತು. ಮೇಲ್ವಿಚಾರಕನನ್ನು ಬಂಧಿಸಿದರು.

“ಯಾಕೆ ಹಾಕಿದೆ?”

“ನೋಡೋಕೆ ಬಂದೋರಿಗೆ ಅಸಹ್ಯ ಆಗ್ತಿತ್ತು ಸಾರ್.”

“ಯಾರಿಗೆ?”

ಅವನು ನೆಲ ನೋಡಿದ. “ನಂಗೇ.”

ಇಷ್ಟು ಚೊಕ್ಕಟವಾದ, ಇಷ್ಟು ಶಾಂತವಾದ ಆಶ್ರಮ ಬೇರೆಲ್ಲೂ ಇಲ್ಲವೆಂದು ಬಂದವರು ಹೊಗಳುತ್ತಿದ್ದರು. ಆ ಮಾತು ಇನ್ನೊಮ್ಮೆ ಕಿವಿಗೆ ಬೀಳಲೆಂದು ಅವನು ಏನು ಬೇಕಾದರೂ ಮುಚ್ಚಿಡುತ್ತಿದ್ದ.

ಸಂಜೆ ಆಸ್ಪತ್ರೆಯಲ್ಲಿ ಇನ್‌ಸ್ಪೆಕ್ಟರ್ ಮುದುಕಿಯ ಹೇಳಿಕೆ ಬರೆದುಕೊಳ್ಳುವಾಗ ಮಗಳು ತಾಯಿಯ ಪಾದ ಹಿಡಿದುಕೊಂಡಿದ್ದಳು.

“ಔಷಧಿ ಕೊಡೋ ಕೋಣೆ ಅಂದ್ಕೊಂಡೆ ಕಣಮ್ಮಾ. ವಾಸಿಯಾದ ಮೇಲೆ ನಮ್ಮನೆಗೆ ಬಂದ್ಬಿಡು.”

“ಅದೆಂಥಾ ಕೋಣೆ ಅಂತ ಅಲ್ಲಿರೋರಿಗೆಲ್ಲ ಗೊತ್ತು. ಅವನು ನನ್ನ ಮಂಚದ ಪಕ್ಕ ನಿಂತೇ ಫೋನ್ ಮಾಡಿದ್ದು; ನೀನು ಹೂಂ ಅಂದಿದ್ದು ನಂಗೂ ಕೇಳಿಸ್ತು. ಒಳಗೆ ಏನಿದೆ ಅಂತ ಒಂದು ಮಾತು ಕೇಳಲಿಲ್ಲ ನೀನು.”

“ತಪ್ಪಾಯ್ತಮ್ಮಾ. ಬರ್ತೀಯಲ್ಲಾ?”

ತಾಯಿ ಮೆಲ್ಲನೆ ಪಾದ ಎಳೆದುಕೊಂಡಳು.

“ಬರಲ್ಲ.”