ಭೀಮಶಿ ಮಣ್ಣಿಗೆ ಹೋಗದ ದಿನ

“ನನ್ನ ಜೀವನಚರಿತ್ರೆ ಬರದವ್ರು ನೀವೇನು? ನನ್ನ ಒಂದು ಮಾತೂ ಕೇಳಲಾರದ?”

ಮೊದಲ ಭೇಟಿಯಲ್ಲೇ ಭೀಮಶಿ ಹೀಗೆ ಸಿಡಿದಾಗ ಅಶ್ವಿನಿಯೂ ಬಿಟ್ಟಿರಲಿಲ್ಲ.

“ಮೂರು ಸಲ ಬಂದೆ. ಮೂರೂ ಸಲ ಕದಾ ಹಾಕ್ಕೊಂಡ್ರಿ. ಕದಾ ಮಾತಾಡ್ತದೇನ್ರಿ?”

ಅವನು ನಕ್ಕುಬಿಟ್ಟಿದ್ದ. ಆ ನಗುವೇ ಅವಳ ಮನಸ್ಸು ಕೆಡಿಸಿದ್ದು...

ಅದು ತಿಂಗಳ ಹಿಂದಿನ ಮಾತು. ಗೋವೆಯ ಕಟ್ಟಡಗಳಿಂದ ಬಿದ್ದು ಸತ್ತ ಕೂಲಿಗಳ ಮುಖ ಬಿಡಿಸುವ ಚಿತ್ರಕಾರ ಭೀಮಶಿ. ಅವಳ ಪುಸ್ತಕ ಹಿಡಿದು ನಿರ್ದೇಶಕ ಯಶವಂತ ಪಣಜಿಯಲ್ಲಿ ಅವನ ಕುರಿತು ಸಾಕ್ಷ್ಯಚಿತ್ರ ತೆಗೆಯುತ್ತಿದ್ದ. ಆ ಪುಸ್ತಕವನ್ನು ಭೀಮಶಿ ಮುಟ್ಟಿಯೂ ನೋಡಿರಲಿಲ್ಲ. ಆದರೆ ಐದು ನಿಮಿಷ ಒಂದೆಡೆ ಕೂರದ ಮನುಷ್ಯ, ಅವಳೆದುರು ಮಾತ್ರ ತಾಸುಗಟ್ಟಲೆ ಕೂರುತ್ತಿದ್ದ!

ಇಂದು ಕ್ಯಾಮೆರಾದೆದುರು ಯಶವಂತ ಆ ಪುಸ್ತಕದ ಒಂದು ಪುಟ ಓದಿ ಭೀಮಶಿಯ ಉತ್ತರ ಕೇಳಿದ.

‘ತಮ್ಮನಾದ ಬಾಳು ಸತ್ತಾಗ ಭೀಮಶಿ ಮಣ್ಣಿಗೂ ಹೋಗಲಿಲ್ಲ. ಹೆದರಿ ತಲೆಮರೆಸಿಕೊಂಡಿದ್ದ.’

ಭೀಮಶಿ ಅಶ್ವಿನಿಯನ್ನು ನೋಡಿದ.

“ನೀವೂ ಹಂಗ ಅಂದ್ಕೊಂಡ್ರಿ?”

ಅಷ್ಟೇ! ಕುಂಚ ಎಸೆದು ಹೊರನಡೆದ.

‘ಮಣ್ಣಿಗೆ ಬರಲಿಲ್ಲ’ ಎಂದಷ್ಟೇ ಅವನ ತಾಯಿ ಯಲ್ಲವ್ವ ಅಶ್ವಿನಿಗೆ ಹೇಳಿದ್ದಳು. ‘ಹೆದರಿ’ ಅಂತ ಸೇರಿಸಿದ್ದು ಯಾರು? ನಾನೇ! ದೇವರೇ... ಯಾವ ಬಾಯಿಂದ ಕ್ಷಮೆ ಕೇಳಲಿ?

ಬಣ್ಣ ಕಲಸುತ್ತಿದ್ದ ಅವನ ಜೊತೆಗಾರ ಮುತ್ತು ಊರುಗೋಲು ಹಿಡಿದು ಎದ್ದ.

“ಅಕ್ಕಾರ, ಅವತ್ತು ವೆರ್ಣಾದಾಗ ಕಟ್ಟಡದ ಮ್ಯಾಲಿಂದ ಬಾಳೂನ ಜೋಡಿ ನಾನೂ ಬಿದ್ದಿದ್ನಿ. ನನಗಿಲ್ಲಿ ಯಾರೂ ಇರಲಿಲ್ಲ. ಹೆಣದ ಗಾಡಿ ಊರಿಗೆ ಹೋತು... ಭೀಮಶಿ ಅಣ್ಣ ದವಾಖಾನ್ಯಾಗ ನನ್ನ ಹತ್ರ ಕುಂತ. ನನ್ನ ಸಲುವಾಗಿ ಮಣ್ಣು ತಪ್ಪಿತು ಅಂತ ಜನ ಅಂದ್ರ ನಾ ಕೊರಗ್ತೀನಂತ ಅವ್ವಗೂ ಹೇಳಲಿಲ್ಲ. ನನಗೂ ಹೇಳಗೊಡಲಿಲ್ಲ. ಇನ್ನ ಸಾಕ್ರಿ.”

ಅಶ್ವಿನಿ ಕಣ್ಣೊರೆಸಿಕೊಂಡಳು.

“ಯಶವಂತ ಅವ್ರ, ಕ್ಯಾಮೆರಾ ನನ್ನ ಕಡೆ ತಿರುಗಿಸ್ರಿ.”

“ಹುಚ್ಚೇನ್ರಿ? ಪುಸ್ತಕದ ಮಾನ ಹೋಗ್ತದ!”

“ಹೋಗ್ಲಿ.”

ದೇವರ ಮುಂದೆ ನಿಂತಂತೆ ನಿಂತು ಹೇಳಿದಳು: “ಈ ಪುಟ ಸುಳ್ಳು. ನಾನು ಕೇಳಿ ಬರೀಲಿಲ್ಲ, ಊಹಿಸಿ ಬರದೆ.” ಮುಂದಿನದನ್ನು ಮುತ್ತು ಅಳುತ್ತಲೇ ಹೇಳಿ ಮುಗಿಸಿದ.

ಅವಳು ಭೀಮಶಿಯನ್ನು ಹುಡುಕುತ್ತ ಹೊಳೆ ದಾಟಿಸುವ ಫೆರಿಯ ಕಟ್ಟೆಗೆ ಓಡಿದಳು. ಹೊರಟುನಿಂತ ಫೆರಿಯಲ್ಲಿ ಭೀಮಶಿ ಅತ್ತಿಂದಿತ್ತ ತಿರುಗುತ್ತಿದ್ದ. ಏದುಸಿರು ಬಿಡುತ್ತ ಹತ್ತಿಯೇಬಿಟ್ಟಳು.

“ಯಾಕ ಬಂದ್ರಿ?”

“ಬಂದಾತು. ಈಗೇನು ಹೊಳಿಗೆ ನೂಕ್ತೀರಿ?”

ಬೆಂಚಿನ ಮೇಲೆ ಕುಳಿತು ನಡೆದದ್ದನ್ನೆಲ್ಲ ಹೇಳಿದಳು. ಅವನು ಫೆರಿಯ ಕಂಬಿ ಹಿಡಿದು ನಿಂತ.

“ಮುತ್ತು ಅತ್ತನೇನು?”

“ಅತ್ತ. ಅತ್ತು ಹಗುರಾದ.”

ಭೀಮಶಿ ಕಂಬಿ ಬಿಟ್ಟು ಅವಳ ಪಕ್ಕ ಕುಳಿತ.

“ಹಂಗಾರ ಪುಸ್ತಕ ಮತ್ತ ಬರೀಬೇಕಾತು.”

“ಹೌದ್ರಿ. ಈ ಸಲ ಎಲ್ಲಾ ನಿಮ್ಮನ್ನೇ ಕೇಳಿ...” ಅವಳು ಅವನತ್ತ ತಿರುಗಿದಳು. “ಮೊದಲು ಇದನ್ನ ಹೇಳ್ರಿ. ನನ್ನ ಮ್ಯಾಲೆ ನಿಮಗ ಪ್ರೀತಿ ಅದ ಏನ್ರಿ?”

“ಇದೊಂದು ಊಹಿಸಿದ್ರ ನಡೀತಿತ್ತಲ್ರಿ!”

“ಊಹಿಸೂದು ಬಿಟ್ಟೀನಿ. ಬಾಯಿಬಿಟ್ಟು ಹೇಳ್ರಿ.”

ಅವನು ಹೇಳಿದ. ಸುತ್ತಲಿನವರು ತಿರುಗಿ ನೋಡುವಷ್ಟು ಜೋರಾಗಿ!