ಹನ್ನೊಂದು ಕಾರ್ಡಿನ ಅಂಚು

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ತುಮಕೂರಿನ ಠಾಣೆಗೆ ಬಂದ ದೂರನ್ನು ಇನ್ಸ್‌ಪೆಕ್ಟರ್ ಅನಂತರಾಜು ಎರಡು ಸಲ ಓದಿದರು. ಮೂರು ದಿನದ ಬಂದೋಬಸ್ತಿನಿಂದ ಕಣ್ಣು ಉರಿಯುತ್ತಿತ್ತು.

"ಬಬಲ್‌ಗಮ್ ಜೊತೆ ಬಿಟ್ಟಿ ಬರ್ತಿದ್ದ ಕ್ರಿಕೆಟ್ ಕಾರ್ಡು. ಹನ್ನೊಂದಕ್ಕೆ ಒಂದೂವರೆ ಲಕ್ಷ ಕೊಟ್ರಾ? ತಲೆ ನೆಟ್ಟಗಿದೆಯೇನ್ರೀ?"

ಕ್ಯಾತ್ಸಂದ್ರದ ಲೆಕ್ಚರರ್ ಶಮಂತ್ ತಲೆ ತಗ್ಗಿಸಿದ. "ನಲವತ್ತು ವರ್ಷ ಹಳೇವು ಸಾರ್. ಆನ್‌ಲೈನಲ್ಲಿ ಕೊಂಡೆ, ಮಾರಿದೋರ ಮುಖ ನೋಡಿಲ್ಲ. ತಜ್ಞರ ಪರೀಕ್ಷೆಗೆ ಕಳಿಸಿದ್ರೆ, ಸವೆದ ಅಂಚು ಕತ್ತರಿಸಿ ಹೊಸದರ ಹಾಗೆ ಮಾಡಿದಾರೆ, ಬೆಲೆಯಿಲ್ಲ ಅಂದ್ರು. ಹೆಂಡ್ತಿ ಅಮೂಲ್ಯಾ ಸರ ಅಡ ಇಟ್ಟು ದುಡ್ಡು ಕೊಟ್ಟೆ. ಅವಳಿಗೆ ಗೊತ್ತಿಲ್ಲ."

ಕಾನ್‌ಸ್ಟೆಬಲ್ ರೂಪಶ್ರೀ ಒಂದು ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಮೈಯೆಲ್ಲ ಟೀ ಬಣ್ಣ, ಅಂಚು ಮಾತ್ರ ಬೆಳ್ಳಗೈತೆ ಸಾರ್. ಸುತ್ತ ಇರೋ ಕೆಂಪು ಗೆರೆ ಒಂದು ಕಡೆ ಅರ್ಧಾನೇ ಉಳಿದೈತೆ."

ಎಫ್‌ಐಆರ್ ಆಯಿತು. ಹಣ ಹೋದ ಖಾತೆ ಗುಬ್ಬಿಯ ಬೈಂಡಿಂಗ್ ಅಂಗಡಿಯ ಮುತ್ತುರಾಜನದು.

ಮಂಗಳವಾರ ಹನ್ನೊಂದು ಗಂಟೆ. "ನನ್ ಕೈಗೆ ಬಂದಾಗ್ಲೇ ಹಂಗಿದ್ವು," ಎಂದ ಐವತ್ತು ದಾಟಿದ ಮುತ್ತುರಾಜ್. ಕಟಿಂಗ್ ಮಷಿನ್ ಕೆಳಗೆ ಒಂದು ಚೂರೂ ಇರಲಿಲ್ಲ.

"ಚೂರೆಲ್ಲ ರದ್ದಿಗೆ ಹಾಕ್ತೀರಾ?" ರೂಪಶ್ರೀ ಕೇಳಿದಳು.

"ರದ್ದಿಗಾ? ದಪ್ಪ ಚೂರು ಒಂದೂ ಬಿಸಾಕಲ್ಲ ಕಣಮ್ಮ. ರಿಜಿಸ್ಟರ್ ಬೆನ್ನೊಳಗೆ ಇಟ್ಟು ಅಂಟಿಸ್ತೀನಿ. ಅದಕ್ಕೇ ನನ್ ಬೈಂಡಿಂಗ್ ಬಿಚ್ಚಲ್ಲ."

"ಕಾರ್ಡು ಮಾರಿದ ತಿಂಗಳು ಯಾರ ರಿಜಿಸ್ಟರ್ ಕಟ್ಟಿದ್ರಿ?"

ಮುತ್ತುರಾಜ್ ಗೋಂದಿನ ಡಬ್ಬಿ ಮುಚ್ಚತೊಡಗಿದ. ಒಳಗಿಂದ ಹೆಂಡತಿ ಪ್ರಮೀಳಾ ಕೂಗಿದಳು: "ಕುಣಿಗಲ್ ಸ್ಕೂಲಿಂದು ಅಲ್ವೇನ್ರೀ? ಮರೆತುಬುಟ್ರಾ?"

ಮಧ್ಯಾಹ್ನ ಮೂರಕ್ಕೆ ಕುಣಿಗಲ್‌ನ ಆ ಖಾಸಗಿ ಶಾಲೆಯಲ್ಲಿ, ಇಬ್ಬರು ಪಂಚರ ಎದುರು, ಹಾಜರಿ ಪುಸ್ತಕದ ಬೆನ್ನು ಸೀಳಿದರು.

"ಹೊಸಾ ಪುಸ್ತಕ ಸಾರ್!" ಮುಖ್ಯೋಪಾಧ್ಯಾಯಿನಿ ಶಕುಂತಲಮ್ಮ ಅಳುವಂತಾದರು.

"ಹೊಲಿಸ್ಕೊಡ್ತೀನಿ, ಸುಮ್ನಿರಿ ತಾಯಿ," ಅನಂತರಾಜು ಗದರಿದರು.

ಒಳಗೆ ಕೆಂಪು ಗೆರೆಯ ಸಣ್ಣ ಪಟ್ಟಿಗಳು. ಒಂದನ್ನು ಕಾರ್ಡಿಗೆ ಜೋಡಿಸಿದರೆ ಅರ್ಧ ಗೆರೆ ಪೂರ್ತಿಯಾಯಿತು. ಪಂಚನಾಮೆ ಬರೆದು ಕವರಿಗೆ ಸೀಲು ಹಾಕಿದರು.

ಸಂಜೆ ಐದೂ ನಲವತ್ತಕ್ಕೆ ಮುತ್ತುರಾಜನ ಬಂಧನ. ಖಾತೆಯಲ್ಲಿ ಹಣ ಮುಟ್ಟದೆ ಹಾಗೇ ಇತ್ತು. ಸರ ಬಿಡಿಸಿಕೊಳ್ಳಬಹುದೆಂದು ಠಾಣೆಯಲ್ಲಿ ಶಮಂತ್ ಉಸಿರು ಬಿಟ್ಟ.

"ದುಡ್ಡು ಬೇಡದಿದ್ರೆ ಮತ್ಯಾಕ್ಲಾ ಮಾಡ್ದೆ?" ಅನಂತರಾಜು ಮುತ್ತುರಾಜನನ್ನು ಕೇಳಿದರು.

"ನನ್ ತಮ್ಮ ರವೀಶ್ ಕೂಡಿಟ್ಟಿದ್ದ ಕಾರ್ಡು ಸಾರ್. ಹನ್ನೆರಡನೇ ವರ್ಷಕ್ಕೆ ಜ್ವರ ಬಂದು ಹೋದ. ಹೋದ್ವರ್ಷ ಈ ಮೇಷ್ಟ್ರಿಗೇ ತೋರ್ಸಿದ್ದೆ. ಮೂಲೆ ಸವೆದೈತೆ, ಕಡ್ಲೆಕಾಯಿ ಕಟ್ಟಕ್ಕೆ ಕೊಡು ಅಂದ್ರು. ಅದೇ ಬಾಯಲ್ಲಿ ಚಿನ್ನ ಅನ್ನಿಸ್ಬೇಕು ಅಂತ ಕುಯ್ದೆ."

ಶಮಂತ್ ದೂರಿನ ಪ್ರತಿಯನ್ನು ಮಡಿಸಿ ಜೇಬಿಗಿಟ್ಟ.

ಮುತ್ತುರಾಜನ ಕಣ್ಣು ಸೀಲು ಹಾಕಿದ ಕವರಿನ ಮೇಲಿತ್ತು. "ಅವ್ನು ದಿನಾ ಹಿಡ್ಕೊಂಡೇ ಆ ಅಂಚು ಸವೆದಿದ್ದು. ಆ ಚೂರು ವಾಪಸ್ ಕೊಡ್ತೀರಾ ಸಾರ್?"

"ಕೇಸ್ ಮುಗಿದ್ಮೇಲೆ ಕೋರ್ಟಲ್ಲಿ ಕೇಳು," ಎಂದರು ಅನಂತರಾಜು. ಅದು ಯಾವಾಗ ಮುಗಿಯುತ್ತದೆಂದು ಅವರು ಹೇಳಲಿಲ್ಲ.