ಅಣ್ಣ ಉಳಿಸಿಹೋದ ಗುಳಿಗೆ

ಧಡ್!

ಬೊಲೆರೊ ಹಿಂದಿನಿಂದ ಗುದ್ದಿತು. ನನ್ನ ಓಮ್ನಿ ಭೀಮಾ ಸೇತುವೆಯ ತಡೆಗೋಡೆಗೆ ಉಜ್ಜಿಕೊಂಡು ಹೋಯಿತು. ಕೆಳಗೆ ನೀರು. ಈ ಹೊಳೆ ನೀರು ಕುಡಿದೇ ಬೆಳೆದವನು ನಾನು... ಆದರೆ ಹೀಗೆ ಕುಡಿಯುವ ಆಸೆ ಇರಲಿಲ್ಲ!

ಬೊಲೆರೊ ಪಕ್ಕಕ್ಕೆ ಬಂತು. ಗಾಜು ಇಳಿಯಿತು. ದೇವಿಂದ್ರ! ಎರಡೂ ಕಣ್ಣು ಕೆಂಪಗೆ. ಕುಡಿದಿದ್ದಾನೆ ಅಂದುಕೊಂಡೆ.

"ಲೇ ವಹಾಬ! ಆಕೀನ್ನ ಕೆಳಗ ಇಳಿಸು! ನಮ್ಮಣ್ಣನ್ನ ತಿಂದಾಕಿ ಆಕಿ!"

"ನಿನ್ನ ಗಾಡಿ ಹಿಂದಕ್ಕ ತಗೋ!"

"ಇಬ್ಬರನ್ನೂ ಕಡೀತೀನಿ!"

ಎದುರಿಗೆ ಹುಲ್ಲು ಹೇರಿದ ಟ್ರ್ಯಾಕ್ಟರ್ ಬಂತು. ನಾನು ಬ್ರೇಕ್ ಒತ್ತಲಿಲ್ಲ. ಅವನು ಒತ್ತಿದ. ಅಷ್ಟೇ ವ್ಯತ್ಯಾಸ.

ನನ್ನ ಕೆಲಸ ಗೊತ್ತಲ್ಲ ನಿಮಗೆ? ಪೊಲೀಸರಿಗೂ ಬೇಡ, ಪಂಚರಿಗೂ ಬೇಡ ಅನ್ನುವ ಜಗಳ ಶಹಾಪುರದಲ್ಲಿ ನನ್ನ ಬಾಗಿಲಿಗೆ ಬರುತ್ತದೆ. ಕೆಲವರು ನನ್ನನ್ನು ಕಂಡರೆ ಚಹಾ ಕುಡಿಸುತ್ತಾರೆ. ಕೆಲವರು ಓಣಿ ಬದಲಿಸುತ್ತಾರೆ.

ಹಿಂದಿನ ಸೀಟಿನಲ್ಲಿದ್ದವಳು ಮಲ್ಲೇಶ್ವರಿ. ದೇವಿಂದ್ರನ ಅತ್ತಿಗೆ. ಗಂಡ ಪ್ರವೀಣಕುಮಾರನಿಗೆ ಫಿಟ್ಸ್ ಬರುತ್ತಿತ್ತು. ದೀಪಾವಳಿ ಹೊತ್ತಿಗೆ ಮೈಯೆಲ್ಲ ಸುಟ್ಟವನ ಹಾಗೆ ಚರ್ಮ ಸುಲಿದು ಸತ್ತ. ಊಟದಲ್ಲಿ ವಿಷ ಹಾಕಿದಳು ಅಂದರು ಮನೆಯವರು. ಇವಳನ್ನು ಕಡಿಯುತ್ತೇನೆ ಅಂತ ದೇವಿಂದ್ರ ತಮ್ಮೂರು ಗೋಗಿಯ ಮಂದಿ ಎದುರು ಆಣೆ ಮಾಡಿದ. ಇವಳು ತವರಿಗೆ, ರಾಮಸಮುದ್ರಕ್ಕೆ ಓಡಿಬಂದಳು. ಅವನು ಅಲ್ಲಿಂದಲೇ ನಮ್ಮ ಬೆನ್ನು ಹತ್ತಿದ್ದ.

ಬೆಳಿಗ್ಗೆ ಅಲ್ಲಿ ಅವಳು ಗಾಡಿ ಹತ್ತಿದಾಗ ಕೇಳಿದ್ದೆ.

"ಎಲ್ಲಿ ಬಿಡ್ಲಿ ತಂಗಿ? ಹೈದರಾಬಾದ?"

"ಗೋಗಿಗೆ ನಡೀರಿ, ಅಣ್ಣಾ."

"ಕಡಿಯಾಂವನ ಮನಿಗೇ?!"

"ಹೌದ್ರಿ. ಅಂವಾ ಉಳೀಬೇಕು."

ಎಲ್ಲರೂ ಕೊಲೆಗಾರನಿಂದ ಓಡಿಸು ಅಂತ ನನ್ನ ಹತ್ತಿರ ಬರುತ್ತಾರೆ. ಇವಳೊಬ್ಬಳು ನೋಡಿ! ಆಮೇಲೆ ಫೋನ್ ಸ್ಪೀಕರಿಗೆ ಹಾಕಿದಳು. ಹೈದರಾಬಾದಿನ ಡಾಕ್ಟರ್ ಅರ್ಜುಮಂದ. ಪ್ರವೀಣನ ಕೊನೆಯ ದಿನಗಳಲ್ಲಿ ರಕ್ತ ತೆಗೆದು, ಜೀನ್ ಪರೀಕ್ಷೆ ಮಾಡಿಸಿದವರು.

"ವಿಷ ಅಲ್ರಿ ಅದು. ಫಿಟ್ಸ್ ಗುಳಿಗಿನೇ. ಎಷ್ಟೋ ಮಂದಿಗೆ ಅದರಿಂದಾನೇ ಜೀವ ಉಳೀತದ. ಆದ್ರ ಇವರ ಜೀನಿನಾಗ ಒಂದು ಬದಲಾವಣಿ ಇತ್ತು. ಮೈ ಆ ಗುಳಿಗಿನ್ನ ದುಷ್ಮನ್ ಅಂತ ತಿಳ್ಕೊಂಡು, ತನ್ನ ಚರ್ಮಾನೇ ಸುಡ್ತು. ಮೊದಲು ಬ್ಯಾನಿ ನೋಡಿ ಔಷಧ ಕೊಡ್ತಿದ್ವಿ. ಈಗ ಮನಷ್ಯಾನ ಜೀನೂ ನೋಡಬೇಕಾಗ್ಯಾದ. ತಮ್ಮಗೂ ಅದೇ ಜೀನ್ ಇರಬಹುದು!"

ದೇವಿಂದ್ರನಿಗೂ ಫಿಟ್ಸ್ ಶುರುವಾಗಿದೆ ಅಂತ ಇವಳಿಗೆ ಸುದ್ದಿ ಬಂದಿತ್ತು.

"ಬ್ಯಾರೆಯವರ ಕೈಲಿ ಹೇಳಿ ಕಳಸಬೇಕಿತ್ತಲ್ಲ?"

"ಕಳಿಸೀನ್ರಿ. ಒಬ್ಬನ್ನ ಕೊಂದು ಈಗ ಇನ್ನೊಬ್ಬನ ಗುಳಿಗಿ ಬಿಡಸ್ತಾಳ ಅಂತ ಅಂದಾರ."

ಗೋಗಿ ಬಂತು. ಹೊಸ್ತಿಲಲ್ಲಿ ಅತ್ತೆ ತಿಮ್ಮವ್ವ. ಸೊಸೆಯನ್ನು ಕಂಡವಳೇ ಚೀರಿದಳು.

"ನನ್ನ ಮಗನ್ನ ತಿಂದಾಕಿ! ಯಾವ ಮಾರಿ ಹೊತ್ತು ಬಂದಿ?"

"ಅತ್ತಿ, ದೇವಿಂದ್ರ ಏನು ಗುಳಿಗಿ ತಗೊಳ್ಳಾಕತ್ಯಾನ? ಅಷ್ಟು ಹೇಳ್ರಿ!"

ಹಿಂದೆ ಬೊಲೆರೊ ಬ್ರೇಕ್ ಕಿರುಚಿತು. ದೇವಿಂದ್ರ ಹಾರಿ ಇಳಿದ. ಕೈಯಲ್ಲಿ ಮಚ್ಚು!

ಬೀಸಿದ...

ಅವನ ಮಣಿಕಟ್ಟು ಹಿಡಿದು ತಿರುಚಿದೆ. ಮಚ್ಚು ಕೆಳಗೆ ಬಿತ್ತು. ಆದರೆ ಆ ಕೈ! ಕಾದ ಹಂಚು ಮುಟ್ಟಿದ ಹಾಗಾಯಿತು. ಸುಡುವ ಜ್ವರ. ಬಾಯಲ್ಲಿ ಸಾರಾಯಿ ವಾಸನೆಯೇ ಇಲ್ಲ.

ಮಲ್ಲೇಶ್ವರಿ ಅವನ ಮುಖದ ಹತ್ತಿರ ಬಂದಳು.

"ದೇವಿಂದ್ರಾ, ಬಾಯಿ ತಗಿ."

"ಏನು?!"

"ಬಾಯಿ ತಗಿ ಅಂದ್ನಿ!"

ಮಚ್ಚು ಹಿಡಿದು ಬಂದವನು ಶಾಲೆ ಹುಡುಗನ ಹಾಗೆ ಬಾಯಿ ತೆರೆದ. ಒಳಗೆಲ್ಲ ಹುಣ್ಣು.

"ಕಣ್ಣು ಯಾವಾಗಿಂದ ಕೆಂಪಾಗ್ಯಾವ?"

"ನಿನ್ನೆಯಿಂದ... ಉರೀತಾವ."

ಅವಳ ದನಿ ಒಡೆಯಿತು. "ನಿಮ್ಮಣ್ಣಗೂ ಹಿಂಗೇ ಶುರುವಾಗಿತ್ತೋ..."

ತಿಮ್ಮವ್ವ ಒಳಗೆ ಹೋಗಿ ಗೂಡಿನಿಂದ ಗುಳಿಗೆ ಪಟ್ಟಿ ತಂದಳು.

"ದೊಡ್ಡಾಂವಂದು ಉಳಿದಿದ್ವು... ಬ್ಯಾನಿ ಒಂದೇ ಅಲ್ಲೇನು? ಯಾಕ ಹಾಳ ಮಾಡೋದಂತ ನಾನೇ ಕೊಟ್ಟೀನಿ. ಅಯ್ಯ ನನ್ನವ್ವಾ! ನನ್ನ ಕೈಯಿಂದಾನೇ ಕೊಟ್ಟೀನಿ!"

ಮಲ್ಲೇಶ್ವರಿ ಆ ಕೈ ಹಿಡಿದುಕೊಂಡಳು.

"ನಾನೂ ನನ್ನ ಕೈಯಿಂದಾನೇ ಕೊಟ್ಟಿದ್ನಿ, ಅತ್ತಿ."

ಅಷ್ಟರಲ್ಲಿ ಮಲ್ಲೇಶ್ವರಿಯ ಫೋನಿನಿಂದ ನಾನು ಡಾಕ್ಟರಿಗೆ ಹಚ್ಚಿದ್ದೆ. ಫೋನಿನಲ್ಲಿ ಅರ್ಜುಮಂದ ಕೂಗುತ್ತಿದ್ದರು, "ಆ ಗುಳಿಗಿ ಮತ್ತ ಕೊಡಬ್ಯಾಡ್ರಿ! ಲಗೂನ ದೊಡ್ಡ ದವಾಖಾನಿಗೆ ಕರ್ಕೊಂಡು ಹೋಗ್ರಿ!"

ಕಲಬುರಗಿಗೆ ಹಾರಿಸಿದೆ. ಅದೇ ಓಮ್ನಿ. ಅವನು ಗುದ್ದಿದ ಹಿಂದಿನ ಬಾಗಿಲು ದಾರಿಯುದ್ದಕ್ಕೂ ಬಡಿಯುತ್ತಿತ್ತು. ಮಲ್ಲೇಶ್ವರಿಯ ತೊಡೆಯ ಮೇಲೆ ತಲೆಯಿಟ್ಟು ಅವನು ನರಳುತ್ತಿದ್ದ. ಸಾಯಬೇಡ ಮಗನೇ ಅಂತ ನಾನೂ ಬೇಡಿಕೊಂಡೆ, ಸುಳ್ಳೇಕೆ?

ಉಳಿದ. ಚರ್ಮ ಸುಲಿಯುವ ಮೊದಲೇ ಗುಳಿಗೆ ನಿಂತಿತ್ತು. ಪರೀಕ್ಷೆಯಲ್ಲಿ ಅಣ್ಣನ ಜೀನೇ ತಮ್ಮನಲ್ಲೂ ಸಿಕ್ಕಿತು. ಫಿಟ್ಸಿಗೆ ಬೇರೆ ಔಷಧ ಬರೆದರು. ನರ್ಸ್ ಹೊಸ ಗುಳಿಗೆ ಹಿಡಿದು ಬಂದರೆ ಮಹಾರಾಯ ಬಾಯೇ ಬಿಡಲೊಲ್ಲ! ತಾಯಿ ಬೇಡಿಕೊಂಡಳು. ಊಹೂಂ. ಕಡೆಗೆ ಗೋಡೆ ಕಡೆ ಮುಖ ಮಾಡಿ ಗೊಣಗಿದ.

"ಅತ್ತಿಗಿ ಕೊಟ್ರ ನುಂಗ್ತೀನಿ."

ಮಲ್ಲೇಶ್ವರಿ ಕೊಟ್ಟಳು. ಅವನು ನುಂಗಿದ. ಅವಳು ಹೊರಗೆ ಬಂದು, ಗಂಡ ಸತ್ತಾಗಲೂ ಅಳಲು ಬಿಡದವರ ಎದುರಿಗೇ ಅತ್ತಳು.

ಮಚ್ಚು ಏನಾಯಿತು ಅಂದಿರಾ?

ಈಗ ನೀವು ತಿನ್ನುತ್ತಿದ್ದೀರಲ್ಲ ಕಲ್ಲಂಗಡಿ... ಅದನ್ನು ಯಾವುದರಲ್ಲಿ ಕೊಯ್ದೆ ಅಂದುಕೊಂಡಿರಿ?